ಕೂತು ಹಾರುವ ಹಕ್ಕಿಗೆ ಪುರಾವೆ: ಅಳತೆಪಟ್ಟಿ ಸಮೇತ ಒಂದು ಫೀಡರ್

ಹಿತ್ತಿಲ ಫೀಡರ್‌ಗೆ, ಅಂದರೆ ಹಕ್ಕಿಗಳಿಗೆ ಕಾಳಿಡುವ ತಟ್ಟೆಗೆ, ಅಪರೂಪದ ಹಕ್ಕಿ ಬಂದು ಹೋದ ಮೇಲೆ ಸಾಮಾನ್ಯವಾಗಿ ಕೈಯಲ್ಲಿ ಉಳಿಯುವುದು ಕಿಟಕಿ ಗಾಜಿನ ಈಚೆಯಿಂದ ಮೊಬೈಲ್‌ನಲ್ಲಿ ತೆಗೆದ ಒಂದು ಮಸುಕು ಫೋಟೊ. ಅದರಲ್ಲಿ ಗಾತ್ರ ತಿಳಿಯದು, ಬಣ್ಣ ನಂಬುವಂತಿರದು, ಎದೆ ಕಂಡರೆ ಬೆನ್ನು ಕಾಣದು. ದಾಖಲೆ ಪರಿಶೀಲಿಸುವವರು ಅದನ್ನು ಒಪ್ಪದಿದ್ದರೆ ತಪ್ಪು ಅವರದ್ದಲ್ಲ. ಹಕ್ಕಿ ಬಂದಮೇಲೆ ಮಾಡಲು ಸಿಗುವ ಕೆಲಸ ಬಹಳ ಕಡಿಮೆ. ಗಾತ್ರ, ಬಣ್ಣ, ಸಮಯ, ಕೋನ ಈ ನಾಲ್ಕೂ ಪ್ರತಿ ಚಿತ್ರದಲ್ಲಿ ತಾವಾಗಿ ದಾಖಲಾಗುವ ಹಾಗೆ ಫೀಡರನ್ನೇ ಮೊದಲು ಕಟ್ಟಿರಬೇಕು. ಕೆಳಗಿರುವುದು ಅಂಥ ಫೀಡರ್‌ನ ಅಳತೆ, ಜೋಡಣೆ, ಅದರಲ್ಲಿ ಕೆಡುವ ಸಂಗತಿಗಳು, ಜೊತೆಗೆ ಅದು ಕೊಡುವ ಚಿತ್ರಗಳಿಂದ ಗುರುತಿಗೆ ತಲುಪುವ ಬಗೆ.

ಯಾವ ಹಕ್ಕಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಬೇಕು

ಎದ್ದು ಕಾಣುವ ಹಕ್ಕಿಗೆ ಇಷ್ಟೆಲ್ಲ ಬೇಕಿಲ್ಲ. ವಿನ್ಯಾಸ ಮಾಡಬೇಕಾದದ್ದು ತೊಡಕಿನ ಜೋಡಿಗಳಿಗೆ. ಇಲ್ಲಿ ಮಾದರಿಯಾಗಿ ಹಿಡಿದದ್ದು ಇಂಡಿಯನ್ ಸಿಲ್ವರ್‌ಬಿಲ್ ಮತ್ತು ಆಫ್ರಿಕನ್ ಸಿಲ್ವರ್‌ಬಿಲ್. ಎರಡೂ ಗುಬ್ಬಚ್ಚಿಗಿಂತ ಚಿಕ್ಕ, ತಿಳಿ ಕಂದು ಮೈಯ, ಬೂದು ನೀಲಿ ದಪ್ಪ ಕೊಕ್ಕಿನ, ಚೂಪು ಕಪ್ಪು ಬಾಲದ ಮುನಿಯಾಗಳು (ಕಾಳು ತಿನ್ನುವ ಪುಟ್ಟ ಹಕ್ಕಿಗಳು). ಎರಡನೆಯದನ್ನು ಪಂಜರದಲ್ಲಿ ಸಾಕುವುದೂ ಉಂಟು, ಆದ್ದರಿಂದ ತನ್ನ ನೆಲೆಯಿಂದ ಬಹಳ ದೂರದ ಹಿತ್ತಿಲಲ್ಲೂ ತಪ್ಪಿಸಿಕೊಂಡ ಒಂದು ಹಕ್ಕಿ ಬಂದು ಕೂರಬಹುದು. ನಿರ್ಣಾಯಕ ವ್ಯತ್ಯಾಸ ಇರುವುದು ಬಾಲದ ಬುಡದ ಮೇಲ್ಭಾಗದಲ್ಲಿ, ಅಂದರೆ ಸೊಂಟದಲ್ಲಿ. ಇಂಡಿಯನ್‌ಗೆ ಅಲ್ಲಿ ಬಿಳಿ, ಆಫ್ರಿಕನ್‌ಗೆ ಕಪ್ಪು. ಹಕ್ಕಿ ರೆಕ್ಕೆ ಮಡಚಿ ಕೂತರೆ ಆ ಜಾಗ ಮುಚ್ಚಿಹೋಗುತ್ತದೆ, ಹಾರುವಾಗ ಅರ್ಧ ಸೆಕೆಂಡ್ ಕಾಣುತ್ತದೆ. ಪಕ್ಕದಿಂದ ಎಷ್ಟು ಚಂದದ ಫೋಟೊ ತೆಗೆದರೂ ಪ್ರಶ್ನೆ ಹಾಗೇ ಉಳಿಯುತ್ತದೆ.

ಆದ್ದರಿಂದ ಕ್ಯಾಮೆರಾ ಎರಡು ಬೇಕು. ಒಂದು ಪಕ್ಕದಿಂದ, ಸ್ಥಿರಚಿತ್ರಕ್ಕೆ. ಇನ್ನೊಂದು ಮೇಲಿನಿಂದ, ಹಾರಿಹೋಗುವ ಕ್ಷಣದ ವಿಡಿಯೊಗೆ. ಒಂದಕ್ಕೇ ಸಾಮಾನಿದ್ದರೆ ಬಹಳ ಮಂದಿ ಪಕ್ಕದ್ದನ್ನು ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೇಲಿನದೇ ಮೊದಲು ಬೇಕು. ಪಕ್ಕದ ನೋಟವನ್ನು ಕಿಟಕಿಯಿಂದ ಕೈ ಕ್ಯಾಮೆರಾದಲ್ಲೂ ಹಿಡಿಯಬಹುದು.

ತಟ್ಟೆ, ಕಂಬ

ತಟ್ಟೆ 40×30 ಸೆಂ.ಮೀ. ಚೌಕಟ್ಟು, ಅಂಚು 4 ಸೆಂ.ಮೀ. ಎತ್ತರ. ತಳಕ್ಕೆ ಹಲಗೆ ಬೇಡ, 2 ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿ ಚೌಕಟ್ಟಿಗೆ ಕೆಳಗಿನಿಂದ ಪಟ್ಟಿಯೊತ್ತಿ ಸ್ಕ್ರೂ ಮಾಡಿ. ಹಲಗೆಯ ತಳದಲ್ಲಿ ನೀರು ನಿಂತು ಕಾಳು ಬೂಸ್ಟು ಹಿಡಿಯುತ್ತದೆ. ಮೊಳೆ ಹೊಡೆದ ಜಾಲರಿ ತೊಳೆಯಲು ಬಿಚ್ಚಲಾಗದು. ಕಂಬ 1.6 ಮೀಟರ್, ಉಕ್ಕಿನ ಪೈಪ್. ತಟ್ಟೆಯ ಕೆಳಗೆ 40 ಸೆಂ.ಮೀ. ಅಗಲದ ತಗಡಿನ ಶಂಕು ತೊಡಿಸಿದರೆ ಅಳಿಲು, ಬೆಕ್ಕು ಕಂಬದಿಂದ ಏರುವುದಿಲ್ಲ. ಪೊದೆ 2-3 ಮೀಟರ್ ದೂರದಲ್ಲಿರಲಿ: ಹಕ್ಕಿಗೆ ಓಡಿಹೋಗಿ ಅಡಗಲು ಸಾಕಷ್ಟು ಹತ್ತಿರ, ಬೆಕ್ಕಿಗೆ ಹೊಂಚು ಹಾಕಲು ದೂರ.

ಕಿಟಕಿ ಗಾಜಿನಿಂದ ದೂರ ಒಂದೋ 1 ಮೀಟರ್ ಒಳಗೆ, ಇಲ್ಲವೇ 10 ಮೀಟರ್‌ಗಿಂತ ಹೊರಗೆ. ನಡುವಿನ ದೂರವೇ ಕೆಟ್ಟದ್ದು, ಬೆದರಿ ಹಾರಿದ ಹಕ್ಕಿ ಅಷ್ಟರಲ್ಲಿ ಪೂರ್ತಿ ವೇಗ ಪಡೆದು ಗಾಜಿಗೆ ಬಡಿಯುತ್ತದೆ. ಗಾಜಿನ ಹೊರಮೈಗೆ 5 ಸೆಂ.ಮೀ. ಅಂತರದಲ್ಲಿ ಚುಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಒಳಮೈಗೆ ಅಂಟಿಸಿದ ಚುಕ್ಕೆ ಗಾಜಿನ ಪ್ರತಿಫಲನದಲ್ಲಿ ಮುಚ್ಚಿಹೋಗುತ್ತದೆ.

ಕೂರುವ ಕೋಲು

ಇಡೀ ಕೆಲಸದ ಗುಟ್ಟು ಈ 8 ಸೆಂ.ಮೀ. ಕೋಲಿನಲ್ಲಿದೆ.

ಹಕ್ಕಿ ಕೋಲಿನ ಮೇಲೆ ಯಾವಾಗಲೂ ಅಡ್ಡವಾಗಿ ಕೂರುತ್ತದೆ, ಮೈಯ ಉದ್ದ ಕೋಲಿಗೆ ಲಂಬ. ಹಾಗಾಗಿ ಚಿತ್ರದಲ್ಲಿ ಎಡದಿಂದ ಬಲಕ್ಕೆ ಹೋಗುವ ಕೋಲು ಹಾಕಿದರೆ ಸಿಗುವುದು ಬರೀ ಎದೆ, ಇಲ್ಲವೇ ಬರೀ ಬೆನ್ನು. ಕೊಕ್ಕಿನ ಆಕಾರ, ಹುಬ್ಬುಗೆರೆ, ರೆಕ್ಕೆಪಟ್ಟಿ, ರೆಕ್ಕೆಯ ತುದಿ ಎಲ್ಲಿಗೆ ಮುಟ್ಟುತ್ತದೆ ಎಂಬುದೆಲ್ಲ ತಿಳಿಯಲು ಪಕ್ಕದ ನೋಟ ಬೇಕು. ಅದಕ್ಕೆ ಕೋಲು ಕ್ಯಾಮೆರಾದ ಕಡೆಗೇ ಚಾಚಿರಬೇಕು. ಮಾರಾಟಕ್ಕಿರುವ ಹೆಚ್ಚಿನ ಕ್ಯಾಮೆರಾ ಫೀಡರ್‌ಗಳಲ್ಲಿ ಹಕ್ಕಿ ಕ್ಯಾಮೆರಾಕ್ಕೆ ಮುಖ ಮಾಡಿ ಕೂರುತ್ತದೆ. ಮುದ್ದಾದ ವಿಡಿಯೊ ಸಿಗುತ್ತದೆ, ಗುರುತು ಸಿಗುವುದಿಲ್ಲ.

ಕೋಲು 10 ಮಿ.ಮೀ. ವ್ಯಾಸ, 80 ಮಿ.ಮೀ. ಉದ್ದ, ಸಿಪ್ಪೆ ತೆಗೆಯದ ಟೊಂಗೆ. ಅಂಗಡಿಯ ನುಣುಪು ಮರದ ಕಡ್ಡಿ (ಡೋವೆಲ್) ಹಾಕಿದರೆ ಸಣ್ಣ ಹಕ್ಕಿಗಳ ಕಾಲು ಜಾರುತ್ತದೆ. ತಟ್ಟೆಯಿಂದ 12 ಸೆಂ.ಮೀ. ಮೇಲೆ, ಒಂದು ತುದಿಯನ್ನು ಹಿಂಬದಿಯ ಕಡ್ಡಿಗೆ ಬಿಗಿದು, ಇನ್ನೊಂದು ತುದಿ ಕ್ಯಾಮೆರಾದತ್ತ. ಉದ್ದ ಕಡಿಮೆ ಇಡುವುದಕ್ಕೆ ಕಾರಣ ಲೆಕ್ಕ: ಕ್ಯಾಮೆರಾ 1.5 ಮೀಟರ್ ದೂರವಿದ್ದರೆ, ಹಕ್ಕಿ ಕೋಲಿನ ಮಧ್ಯದಿಂದ 4 ಸೆಂ.ಮೀ. ಮುಂದೆ ಕೂತಾಗ ಸುಮಾರು ನೂರಕ್ಕೆ 2.7ರಷ್ಟು ದೊಡ್ಡದಾಗಿ ಕಾಣುತ್ತದೆ. ಅಷ್ಟು ದೋಷ ನಡೆಯುತ್ತದೆ. 30 ಸೆಂ.ಮೀ. ಕೋಲು ಹಾಕಿದರೆ ದೋಷ ನೂರಕ್ಕೆ 10 ದಾಟುತ್ತದೆ, ಆಮೇಲೆ ಅಳತೆಪಟ್ಟಿ ಇದ್ದೂ ಪ್ರಯೋಜನವಿಲ್ಲ.

ಕೋಲಿನ ಎರಡೂ ಬದಿಗೆ, ನಡುಗೆರೆಯಿಂದ 7 ಸೆಂ.ಮೀ. ಆಚೆ, ಕೋಲಿಗಿಂತ 2 ಸೆಂ.ಮೀ. ಕೆಳಗೆ ಒಂದೊಂದು ಸ್ಟೀಲ್ ಬಟ್ಟಲು. ಹಕ್ಕಿ ಕಾಳಿರುವ ಕಡೆ ಮುಖ ಮಾಡುತ್ತದೆ. ಎರಡೂ ಕಡೆ ಕಾಳಿದ್ದರೆ ತಿರುಗಿ ತಿರುಗಿ ಎರಡೂ ಮೈ ತೋರಿಸುತ್ತದೆ. ಇದು ಶೋಕಿಗಲ್ಲ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಈರಿಯಲ್ಲಿ ಫೀಡರ್‌ಗೆ ಬರುತ್ತಿದ್ದ ಒಂದು ನಾರ್ದರ್ನ್ ಕಾರ್ಡಿನಲ್ ಹಕ್ಕಿಯ ಮೈ ಒಂದು ಬದಿ ಗಂಡಿನ ಕೆಂಪು, ಇನ್ನೊಂದು ಬದಿ ಹೆಣ್ಣಿನ ಕಂದು ಬಣ್ಣದ್ದಾಗಿತ್ತು. ಒಂದೇ ಬದಿಯ ಫೋಟೊದಲ್ಲಿ ಅದು ಮಾಮೂಲಿ ಹಕ್ಕಿ.

ಬಲಗಡೆ ಬಟ್ಟಲಿನ ಆಚೆಗೆ, ಕೋಲಿನ ಮಧ್ಯಬಿಂದುವಿನ ಸಮತಲದಲ್ಲೇ, ಅಳತೆಪಟ್ಟಿ. 10 ಮಿ.ಮೀ. ಅಗಲ, 150 ಮಿ.ಮೀ. ಎತ್ತರದ ಅಲ್ಯೂಮಿನಿಯಂ ಪಟ್ಟಿಗೆ 10 ಮಿ.ಮೀ.ಗೊಂದರಂತೆ ಬೂದು ಮತ್ತು ಕಪ್ಪು ಪಟ್ಟೆ, ಹೊಳಪಿಲ್ಲದ ಬಣ್ಣದಲ್ಲಿ. ಬಿಳಿ-ಕಪ್ಪು ಪಟ್ಟೆ ನೋಡಲು ಸ್ಪಷ್ಟ ಅನ್ನಿಸಿದರೂ ಬಿಸಿಲಿಗೆ ಬಿಳಿ ಉಕ್ಕಿ ಅಂಚು ಹರಡುತ್ತದೆ, ಅಳತೆ ಕೆಡುತ್ತದೆ. ಪಟ್ಟಿಯ ತುದಿಗೆ 3 ಸೆಂ.ಮೀ. ಚೌಕದ ತಟಸ್ಥ ಬೂದು ಕಾರ್ಡ್ ಅಂಟಿಸಿ, ಬಿಸಿಲಿಗೆ ಬಣ್ಣ ಮಾಸಿದಾಗ ಬದಲಿಸಿ. ಬೂದು ಬಣ್ಣ ಬಳಿದ ತುಂಡು ಆಗದು, ಅದರಲ್ಲಿ ನೀಲಿಯೋ ಕಂದೋ ಒಂದು ಛಾಯೆ ಇದ್ದೇ ಇರುತ್ತದೆ.

ಜೋಡಣೆ ಮುಗಿದ ಕೂಡಲೇ ಕೋಲಿನ ಮೇಲೆ ಉಕ್ಕಿನ ಸ್ಕೇಲ್ ಹಿಡಿದು ಒಂದು ಚಿತ್ರ ತೆಗೆದಿಡಿ. ಲೆನ್ಸ್ ಮುಟ್ಟಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಪರಿಶೀಲಕರಿಗೆ ಈ ಒಂದು ಚಿತ್ರ ಹಕ್ಕಿಯ ಹತ್ತು ಚಿತ್ರಕ್ಕೆ ಸಮ.

ಪಕ್ಕದ ಕ್ಯಾಮೆರಾ

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ (ಮುಂದೆ ಬರೀ 'ಪೈ'), ಅದಕ್ಕೆ ಹೈ ಕ್ವಾಲಿಟಿ ಕ್ಯಾಮೆರಾ, 16 ಮಿ.ಮೀ. ಸಿ-ಮೌಂಟ್ ಲೆನ್ಸ್ (ಸಿ, ಸಿಎಸ್ ಎಂಬವು ಲೆನ್ಸ್ ಕೂರಿಸುವ ಎರಡು ಬಗೆಯ ತಿರುಪು). ಈ ಸೆನ್ಸರ್‌ನ ಅಗಲ ಸುಮಾರು 6.3 ಮಿ.ಮೀ., 4056 ಪಿಕ್ಸೆಲ್. 1.5 ಮೀಟರ್ ದೂರದಲ್ಲಿ ಚಿತ್ರದ ಅಗಲ 59 ಸೆಂ.ಮೀ. ಬರುತ್ತದೆ, ಮಿಲಿಮೀಟರಿಗೆ ಸುಮಾರು 6.9 ಪಿಕ್ಸೆಲ್. ಮುನಿಯಾದ 10 ಮಿ.ಮೀ. ಕೊಕ್ಕಿಗೆ 69 ಪಿಕ್ಸೆಲ್ ಸಿಕ್ಕಂತಾಯಿತು. ಆಕಾರ ಹೇಳಲು ಧಾರಾಳ.

ಲೆನ್ಸ್ ಜೋಡಿಸುವಾಗ ಕ್ಯಾಮೆರಾ ಜೊತೆ ಬರುವ 5 ಮಿ.ಮೀ. ಅಡಾಪ್ಟರ್ ರಿಂಗ್ ಹಾಕಿಯೇ ಹಾಕಬೇಕು. ಬಿಟ್ಟರೆ 1.5 ಮೀಟರಿಗೆ ಫೋಕಸ್ ಬರುವುದೇ ಇಲ್ಲ, ಲೆನ್ಸ್ ಕೆಟ್ಟಿದೆಯೆಂದು ವಾಪಸ್ ಕಳಿಸುವವರೂ ಇದ್ದಾರೆ. 6 ಮಿ.ಮೀ. ಸಿಎಸ್-ಮೌಂಟ್ ಲೆನ್ಸ್‌ಗೆ ಇದೇ ರಿಂಗನ್ನು ತೆಗೆಯಬೇಕು.

ಅಪರ್ಚರ್, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿ, ಎಫ್ 4. ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಹೆಚ್ಚು ಆಳ ಫೋಕಸ್‌ನಲ್ಲಿರಲಿ ಎಂದು ಎಫ್ 11ಕ್ಕೆ ಮುಚ್ಚುವ ಆಸೆಯಾಗುತ್ತದೆ, ಆದರೆ ಇಲ್ಲಿ ಪಿಕ್ಸೆಲ್ 1.55 ಮೈಕ್ರಾನ್ ಮಾತ್ರ. ಎಫ್ 8ರಲ್ಲೇ ಬೆಳಕಿನ ವಿವರ್ತನೆಯ ಚುಕ್ಕೆ ಏಳು ಪಿಕ್ಸೆಲ್‌ನಷ್ಟು ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್ 4ರಲ್ಲಿ ಮುಂದೆ ಹಿಂದೆ ಸೇರಿ ಸುಮಾರು 20 ಸೆಂ.ಮೀ. ಚೊಕ್ಕವಾಗಿ ಬರುತ್ತದೆ, 8 ಸೆಂ.ಮೀ. ಕೋಲಿಗೆ ಅಷ್ಟು ಸಾಕು. ಫೋಕಸನ್ನು ಕೋಲಿನ ಮಧ್ಯಕ್ಕೆ ಕೈಯಲ್ಲಿ ಹೊಂದಿಸಿ, ಲೆನ್ಸ್‌ನ ಪುಟ್ಟ ಸ್ಕ್ರೂಗಳನ್ನು ಬಿಗಿದುಬಿಡಿ.

ಶಟರ್ 1/1000 ಸೆಕೆಂಡ್, ಅದಕ್ಕಿಂತ ನಿಧಾನ ಬೇಡ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಕುಪ್ಪಳಿಸುವ ಹಕ್ಕಿ ಅಷ್ಟರಲ್ಲಿ 2 ಮಿ.ಮೀ. ಸರಿದಿರುತ್ತದೆ, ಅಂದರೆ 14 ಪಿಕ್ಸೆಲ್ ಮಸುಕು. ಆದರೆ ಹಕ್ಕಿ ಕಾಳು ಒಡೆಯುವಾಗ ಕ್ಷಣ ಕ್ಷಣಕ್ಕೂ ನಿಲ್ಲುತ್ತದೆ, ಸೆಕೆಂಡಿಗೆ ಎರಡು ಚಿತ್ರ ತೆಗೆದರೂ ಸ್ಪಷ್ಟವಾದವು ಬೇಕಾದಷ್ಟು ಸಿಗುತ್ತವೆ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ. ಕೆಂಪು ಹೂವೊಂದು ಗಾಳಿಗೆ ಚೌಕಟ್ಟಿನೊಳಗೆ ಬಂದರೂ ಹಕ್ಕಿಯ ಬಣ್ಣ ಬದಲಾಗುತ್ತದೆ. ಬೂದು ಕಾರ್ಡ್ ನೋಡಿ ಒಂದು ಸಲ ಹೊಂದಿಸಿ ಸ್ಥಿರ ಮಾಡಿ. ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಮೂರನೇ ಒಂದು ಸ್ಟಾಪ್ ಕಡಿಮೆ ಇರಲಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ). ಕತ್ತಲಾದ ಕಂದು ಬಣ್ಣವನ್ನು ಆಮೇಲೆ ಎತ್ತಬಹುದು, ಉಕ್ಕಿಹೋದ ಬಿಳಿಯೊಳಗಿನ ಗೆರೆಗಳನ್ನು ತರಲಾಗದು.

ಇನ್ಫ್ರಾರೆಡ್ ಫಿಲ್ಟರ್ ಇಲ್ಲದ 'ನೊಐಆರ್' ಮಾದರಿ ರಾತ್ರಿಗೂ ಆಗುತ್ತದೆಂದು ಕೊಳ್ಳಬೇಡಿ. ಹಗಲಲ್ಲಿ ಅದರ ಬಣ್ಣಕ್ಕೆ ಪುರಾವೆಯ ಬೆಲೆ ಇಲ್ಲ. ಕಾಡಿನಲ್ಲಿ ಪ್ರಾಣಿಗಳಿಗೆಂದು ಕಟ್ಟುವ ಟ್ರೇಲ್ ಕ್ಯಾಮೆರಾ ಬಳಸುವವರಿಗೂ ಇದೇ ಮಾತು: ಮುಸ್ಸಂಜೆ ಅವು ತಾವಾಗಿ ಇನ್ಫ್ರಾರೆಡ್‌ಗೆ ಹೊರಳಿ ಕಪ್ಪು ಬಿಳುಪು ಚಿತ್ರ ಕೊಡುತ್ತವೆ. ಅವುಗಳ ಫೋಕಸ್ ಕೂಡ ದೂರದ ಪ್ರಾಣಿಗಳಿಗೆ ಹೊಂದಿಸಿದ್ದು, ಹತ್ತಿರದ ಮುನಿಯಾ ಮಸುಕಾಗುತ್ತದೆ.

ಮೇಲಿನ ಕ್ಯಾಮೆರಾ

ಪೈ ಜೀರೋ 2 ಡಬ್ಲ್ಯೂ (ಇನ್ನೂ ಚಿಕ್ಕ ಪೈ, ಮುಂದೆ ಬರೀ 'ಜೀರೋ') ಮತ್ತು ಕ್ಯಾಮೆರಾ ಮಾಡ್ಯೂಲ್ 3, ಕೋಲಿನಿಂದ 50 ಸೆಂ.ಮೀ. ಮೇಲೆ, ಸ್ವಲ್ಪ ಹಿಂದಕ್ಕೆ ವಾಲಿಸಿ. ಮಾಮೂಲಿ ಮಾದರಿಯ ಅಡ್ಡ ನೋಟ 66 ಡಿಗ್ರಿ, ಅಷ್ಟು ದೂರದಲ್ಲಿ 65 ಸೆಂ.ಮೀ. ಅಗಲ ಹಿಡಿಯುತ್ತದೆ. ವೈಡ್ ಮಾದರಿ ಬೇಡ, ಅಂಚಿನಲ್ಲಿ ಆಕಾರ ಎಳೆದಂತಾಗುತ್ತದೆ. ಇದರ ಆಟೊಫೋಕಸ್ ಬಿಟ್ಟರೆ ಬಟ್ಟಲಿನ ಕಾಳಿಗೋ ಜಾಲರಿಗೋ ಹೋಗಿ ಕೂರುತ್ತದೆ, ಕೋಲಿನ ದೂರಕ್ಕೆ ಕೈಯಾರೆ ಸ್ಥಿರ ಮಾಡಬೇಕು.

ವಿಡಿಯೊ 1280×720, ಸೆಕೆಂಡಿಗೆ 50 ಫ್ರೇಮ್, ಶಟರ್ 1/2000. 1080ಪಿ ಹಾಕಿದರೆ ಜೀರೋದಲ್ಲಿ ವಿಡಿಯೊ ಕುಗ್ಗಿಸಿ ಬರೆಯುವ ಎನ್‌ಕೋಡರ್ 30 ಫ್ರೇಮ್ ಮಟ್ಟಕ್ಕೇ ಏದುಸಿರು ಬಿಡುತ್ತದೆ, ನಮಗೆ ಬೇಕಾದ್ದು ಫ್ರೇಮ್‌ಗಳು. ಮಿಲಿಮೀಟರಿಗೆ ಎರಡು ಪಿಕ್ಸೆಲ್ ಸಿಗುತ್ತದೆ. ಬೆರಳ ತುದಿಯಷ್ಟಿರುವ ಸೊಂಟಕ್ಕೆ 30 ಪಿಕ್ಸೆಲ್. ಗೆರೆ ಎಣಿಸಲು ಸಾಲದು, ಬಿಳಿಯೋ ಕಪ್ಪೋ ಎಂದು ಹೇಳಲು ಸಾಕು.

ಚಲನೆ ಕಂಡಮೇಲೆ ರೆಕಾರ್ಡಿಂಗ್ ಶುರು ಮಾಡುವ ವ್ಯವಸ್ಥೆ ಇಲ್ಲಿ ಸೋಲುತ್ತದೆ. ಸದಾ 5 ಸೆಕೆಂಡ್ ವಿಡಿಯೊ ಮೆಮೊರಿಯಲ್ಲಿ ಸುತ್ತುತ್ತಿರಲಿ, ಚಲನೆ ಕಂಡಾಗ ಆ ಹಿಂದಿನ 5 ಸೆಕೆಂಡ್ ಸೇರಿಸಿ ಬರೆಯಲಿ, ಚಲನೆ ನಿಂತಮೇಲೂ 5 ಸೆಕೆಂಡ್ ಮುಂದುವರಿಯಲಿ. ಹಕ್ಕಿ ಬಂದಿಳಿದದ್ದು, ಹಾರಿದ್ದು ಎರಡೂ ಹೀಗೆ ಸಿಗುತ್ತವೆ. ಪತ್ತೆಯ ಜಾಗವನ್ನು ಕೋಲು ಮತ್ತು ಬಟ್ಟಲುಗಳ ಸುತ್ತಕ್ಕಷ್ಟೇ ಸೀಮಿತ ಮಾಡಿ, ಇಲ್ಲದಿದ್ದರೆ ಎಲೆ ನೆರಳಿನ ವಿಡಿಯೊಗಳಿಂದ ಕಾರ್ಡ್ ತುಂಬುತ್ತದೆ. ಒಂದು ಎಚ್ಚರಿಕೆ: ಈ ಸೆನ್ಸರ್‌ಗಳು ಸಾಲುಸಾಲಾಗಿ ಓದುವಂಥವು, ಬಡಿಯುವ ರೆಕ್ಕೆ ವಿಡಿಯೊದಲ್ಲಿ ಬಾಗಿದಂತೆ ಬರುತ್ತದೆ. ಹಾರುವ ಫ್ರೇಮ್‌ನಿಂದ ಬಣ್ಣ ಓದಿ, ರೆಕ್ಕೆಯ ಆಕಾರ ಓದಬೇಡಿ.

ಕರೆಂಟು, ಗಡಿಯಾರ, ಪೆಟ್ಟಿಗೆ

ಉದ್ದ ಯುಎಸ್‌ಬಿ ಕೇಬಲ್ ಇಂಥ ಕೆಲಸಗಳನ್ನು ಕೊಲ್ಲುವಷ್ಟು ಬೇರೇನೂ ಕೊಲ್ಲುವುದಿಲ್ಲ. 0.2 ಚದರ ಮಿ.ಮೀ. ತಂತಿಯ 5 ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ 10 ಮೀಟರ್, ತಡೆ ಸುಮಾರು 0.84 ಓಮ್. 1 ಆಂಪಿಯರ್ ಹರಿದರೆ 0.84 ವೋಲ್ಟ್ ದಾರಿಯಲ್ಲೇ ಖರ್ಚು. 5.1 ವೋಲ್ಟ್ ಅಡಾಪ್ಟರ್‌ನಿಂದ ಹೊರಟದ್ದು 4.26ಕ್ಕೆ ಇಳಿಯಿತು, ಪೈ 4ರ ಕಡಿಮೆ ವೋಲ್ಟೇಜ್ ಎಚ್ಚರಿಕೆ 4.63ಕ್ಕೇ ಬರುತ್ತದೆ. ಸುಮ್ಮನಿದ್ದಾಗ ಸರಿಯಿದ್ದು ಹಕ್ಕಿ ಬಂದು ಕ್ಯಾಮೆರಾ ದುಡಿಯತೊಡಗಿದಾಗ ಮಾತ್ರ ರೀಸ್ಟಾರ್ಟ್ ಆಗುವ ಪೈಗೆ ಬಹುಪಾಲು ಇದೇ ರೋಗ. ಜೀರೋದಲ್ಲಿ ಆ ಎಚ್ಚರಿಕೆಯ ಸರ್ಕ್ಯೂಟೇ ಇಲ್ಲ, ಸುಳಿವಿಲ್ಲದೆ ಸಾಯುತ್ತದೆ. 0.75 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.22 ವೋಲ್ಟ್‌ಗೆ ಇಳಿಯುತ್ತದೆ. ಪೈ ಎರಡಕ್ಕೂ ಬೇರೆ ಬೇರೆ ಜೋಡಿ ಎಳೆಯಿರಿ, ಅಳಿಲು ಕಡಿಯದಂತೆ ಪಿವಿಸಿ ಪೈಪಿನೊಳಗೆ.

ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದಾಗ ನೆಟ್‌ವರ್ಕ್ ಸಿಗದಿದ್ದರೆ ಅದು ಕೊನೆಯ ಸಲ ಉಳಿಸಿದ್ದ ಸಮಯದಿಂದಲೇ ಮುಂದುವರಿಯುತ್ತದೆ. ಚಿತ್ರದ ಸಮಯ ಗಂಟೆಗಟ್ಟಲೆ ಹಿಂದೆ, ನೋಡಿದರೆ ಸಹಜವಾಗಿಯೇ ಕಾಣುವ ಸಂಖ್ಯೆ. ನೆರಳಿನ ದಿಕ್ಕು ಮತ್ತು ಸಮಯ ತಾಳೆಯಾಗದೆ ದಾಖಲೆಯ ಮೇಲೆ ಅನುಮಾನ ಬರುವುದು ಹೀಗೆ. ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿದರೆ ವರ್ಷಕ್ಕೆ ಒಂದು ನಿಮಿಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕೆ 3.3 ವೋಲ್ಟ್ ಪಿನ್ನಿನಿಂದಲೇ ಕರೆಂಟು ಕೊಡಿ. ಅಗ್ಗದ ಮಾಡ್ಯೂಲ್‌ಗಳಲ್ಲಿ ರೀಚಾರ್ಜ್ ಸೆಲ್ಲಿಗೆಂದು ಇರುವ ಚಾರ್ಜಿಂಗ್ ದಾರಿ, 5 ವೋಲ್ಟ್‌ನಲ್ಲಿ ಮಾಮೂಲಿ ಸಿಆರ್2032 ಸೆಲ್ಲನ್ನೂ ಚಾರ್ಜ್ ಮಾಡಲು ಹೋಗಿ ಉಬ್ಬಿಸುತ್ತದೆ. ಜೀರೋ ತನ್ನ ಸಮಯವನ್ನು ಪೈ 4ರಿಂದ ಪಡೆಯಲಿ. ಎರಡು ಕ್ಯಾಮೆರಾದಲ್ಲೂ ಕಂಡ ಹಕ್ಕಿ ಒಂದೇ ಎಂದು ತೋರಿಸಲು ಇದು ಬೇಕು.

ಪೆಟ್ಟಿಗೆ ಧೂಳು, ನೀರು ಒಳಹೋಗದ ಐಪಿ65 ದರ್ಜೆಯದು, ಮುಂದೆ 52 ಮಿ.ಮೀ. ಯುವಿ ಫಿಲ್ಟರನ್ನು ಸಿಲಿಕೋನ್‌ನಿಂದ ಕೂರಿಸಿ. ಅಕ್ರಿಲಿಕ್ ಹಾಳೆ ಬೇಡ, ಒರೆಸಿದಂತೆಲ್ಲ ಗೀರು ಬೀಳುತ್ತದೆ. ಒಳಗೆ 50 ಗ್ರಾಂ ಸಿಲಿಕಾ ಜೆಲ್, ಹೊರಗೆ ಬಿಳಿ ಬಣ್ಣ, ತಂತಿ ಒಳಹೋಗುವ ಬಿಗಿ ತೂತು (ಕೇಬಲ್ ಗ್ಲ್ಯಾಂಡ್) ಕೆಳಮುಖಕ್ಕೆ. ಬೆಳಗಿನ ಹೊತ್ತು ಚಿತ್ರವೆಲ್ಲ ಹಾಲು ಬಳಿದಂತೆ ಬಂದು ಬಿಸಿಲೇರಿದಂತೆ ತಿಳಿಯಾದರೆ ಗಾಜಿನ ಒಳಗೆ ಇಬ್ಬನಿ ಕಟ್ಟುತ್ತಿದೆಯೆಂದು ಅರ್ಥ, ಜೆಲ್ ಬದಲಿಸಿ. ದಿನವಿಡೀ ಹಾಗೆಯೇ ಇದ್ದರೆ ಜೇಡರ ಬಲೆ. ಫೈಲುಗಳನ್ನು ಎಸ್‌ಡಿ ಕಾರ್ಡಿಗಲ್ಲ, ಯುಎಸ್‌ಬಿ ಎಸ್‌ಎಸ್‌ಡಿಗೆ ಬರೆಯಿಸಿ.

ಧ್ವನಿಗೆ ಒಂದು ಯುಎಸ್‌ಬಿ ಮೈಕ್, ಬಟ್ಟಲಿನಿಂದ ಕನಿಷ್ಠ 1 ಮೀಟರ್ ದೂರ. ಹತ್ತಿರವಿಟ್ಟರೆ ಕಾಳು ಒಡೆಯುವ ಸದ್ದೇ ತುಂಬಿರುತ್ತದೆ. 48 ಕಿಲೋಹರ್ಟ್ಸ್, 16 ಬಿಟ್, ಮೋನೊ ವೇವ್ ಫೈಲು ಗಂಟೆಗೆ 346 ಎಂಬಿ ಆಗುತ್ತದೆ. ಎಂಪಿ3 ಬೇಡ. ಕೂಗಿನಿಂದ ಹಕ್ಕಿ ಗುರುತಿಸುವ ಬರ್ಡ್‌ನೆಟ್ ತಂತ್ರಾಂಶ ಧ್ವನಿಯನ್ನು 3 ಸೆಕೆಂಡ್ ತುಣುಕುಗಳಾಗಿ ನೋಡಿ ಒಂದು ಅಂಕ ಕೊಡುತ್ತದೆ. ಆ 0.9 ಎನ್ನುವುದು ನೂರಕ್ಕೆ ತೊಂಬತ್ತು ಸರಿ ಎಂಬ ಖಾತರಿಯಲ್ಲ. ಎಲ್ಲಿ ಕೇಳಬೇಕೆಂದು ತೋರಿಸಲು ಅದನ್ನು ಬಳಸಿ, ಪುರಾವೆ ಎಂದು ಸಲ್ಲಿಸಬೇಡಿ.

ಹಕ್ಕಿ ಬಂದಾಗ

ಕ್ಯಾಮೆರಾ ತನ್ನ ಕೆಲಸ ಮಾಡುತ್ತಿರಲಿ, ನೀವು ಬರೆಯಿರಿ. ಪುಸ್ತಕ, ಆ್ಯಪ್ ಯಾವುದನ್ನೂ ತೆರೆಯುವ ಮೊದಲು. ಚಿತ್ರ ನೋಡಿದ ಮರುಕ್ಷಣ ಕಣ್ಣು ಅದರಲ್ಲಿರುವುದನ್ನೇ ಹಕ್ಕಿಯಲ್ಲೂ ಕಾಣತೊಡಗುತ್ತದೆ. 1959ರಲ್ಲಿ ಶುರುವಾದ ಅಪರೂಪದ ಹಕ್ಕಿಗಳ ದಾಖಲೆ ಪರಿಶೀಲಿಸುವ ಬ್ರಿಟನ್ನಿನ ರೇರಿಟೀಸ್ ಕಮಿಟಿಯಂಥ ಸಮಿತಿಗಳು ಫೋಟೊ ವಿರಳವಾಗಿದ್ದ ಕಾಲದಲ್ಲಿ ಇಂಥ ಬರಹಗಳ ಮೇಲೇ ತೀರ್ಮಾನ ಮಾಡಿದ್ದು.

ಕೊಕ್ಕಿನಿಂದ ಶುರು ಮಾಡಿ ಹಿಂದಕ್ಕೆ ಹೋಗಿ: ಕೊಕ್ಕಿನ ಆಕಾರ ಮತ್ತು ಎರಡು ದವಡೆಗಳ ಬಣ್ಣ, ಕಣ್ಣುಂಗುರ, ಹುಬ್ಬುಗೆರೆ, ನೆತ್ತಿ, ಗಂಟಲು, ಬೆನ್ನು, ರೆಕ್ಕೆಪಟ್ಟಿ ಎಷ್ಟು, ಮಡಚಿದ ರೆಕ್ಕೆಯ ತುದಿ ಬಾಲದ ಎಲ್ಲಿಗೆ ಬರುತ್ತದೆ, ಸೊಂಟ, ಬಾಲದ ಹೊರ ಗರಿ, ಪಕ್ಕೆ, ಬಾಲದಡಿ, ಕಾಲು. ಕಾಣದ್ದನ್ನು 'ಕಾಣಲಿಲ್ಲ' ಎಂದೇ ಬರೆಯಿರಿ. 'ಸೊಂಟ ಕಾಣಲಿಲ್ಲ' ಎನ್ನುವ ದಾಖಲೆ 'ಸೊಂಟ ಬಿಳಿ ಇದ್ದಂತಿತ್ತು' ಎನ್ನುವುದಕ್ಕಿಂತ ಮೇಲು. ಜೊತೆಗೆ ಬೆಳಕು ಯಾವ ಕಡೆಯಿಂದ, ಎಷ್ಟು ದೂರದಿಂದ, ಯಾವ ಬೈನಾಕ್ಯುಲರ್, ಎಷ್ಟು ಹೊತ್ತು, ಪಕ್ಕದಲ್ಲಿ ಯಾವ ಹಕ್ಕಿ ಇತ್ತು, ಯಾರು ಯಾರು ನೋಡಿದರು. ನೀವೇ ಕಂಡದ್ದು ಯಾವುದು, ಆಮೇಲೆ ಚಿತ್ರದಲ್ಲಿ ಕಂಡದ್ದು ಯಾವುದು ಎಂದು ಬೇರೆ ಬೇರೆ ಗುರುತಿಸಿ.

ಕಾಲಿನಲ್ಲಿ ಉಂಗುರವಿದ್ದರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದು. ಹಕ್ಕಿಯದೇ ಎಡಗಾಲೋ ಬಲಗಾಲೋ, ಮೇಲಿನಿಂದ ಕೆಳಕ್ಕೆ ಬಣ್ಣಗಳ ಕ್ರಮ. ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ತಿರುಗುಮುರುಗು ಮಾಡಿರಬಹುದು, ಅಳತೆಪಟ್ಟಿ ಯಾವ ಬದಿಗಿದೆ ನೋಡಿದರೆ ತಿಳಿಯುತ್ತದೆ. ಜೋಡಣೆಯ ಗೆರೆಯಿಲ್ಲದ ಉಂಗುರ ಮರಿಯಿದ್ದಾಗಲೇ ತೊಡಿಸಿದ್ದು, ಸಾಕಿದ ಹಕ್ಕಿಯ ಗುರುತು. ಸೀಳಿರುವ, ಸಂಖ್ಯೆಯಿರುವ ಉಂಗುರ ಸಾಮಾನ್ಯವಾಗಿ ಸಂಶೋಧಕರದ್ದು.

ಹಕ್ಕಿಯನ್ನು ಹತ್ತಿರ ಕರೆಯಲು ಅದರ ಕೂಗನ್ನು ಸ್ಪೀಕರ್‌ನಲ್ಲಿ ಹಾಕಬೇಡಿ. ಕಾಳಿನ ಬಗೆ, ಬಟ್ಟಲಿನ ಜಾಗ ಏನನ್ನೂ ಬದಲಿಸಬೇಡಿ.

ಮಾಮೂಲಿ ಹಕ್ಕಿಯೇ ವೇಷ ಹಾಕಿದ್ದರೆ

ಅಪರೂಪದ ಹಕ್ಕಿಯೆಂದು ಬರುವ ಚಿತ್ರಗಳಲ್ಲಿ ಬಹುಪಾಲು ಸ್ಥಳೀಯ ಹಕ್ಕಿಯೇ ಆಗಿರುತ್ತದೆ. ಬಣ್ಣ ನೋಡುವ ಮೊದಲು ಆಕಾರ ನೋಡಬೇಕೆನ್ನುವುದು ಅದಕ್ಕೇ. ಅಳತೆಪಟ್ಟಿಯ ಪಕ್ಕದಲ್ಲಿ ಉದ್ದ, ಕೊಕ್ಕು, ಬಾಲ ಎಲ್ಲವೂ ಗುಬ್ಬಚ್ಚಿಯದೇ ಆಗಿದ್ದು ಬಣ್ಣ ಮಾತ್ರ ವಿಚಿತ್ರವಾಗಿದ್ದರೆ ಅದು ಗುಬ್ಬಚ್ಚಿಯೇ. ವರ್ಣದ್ರವ್ಯ ಕೊರತೆಯಿಂದ ಅಲ್ಲಲ್ಲಿ ಬಿಳಿ ಗರಿ ಬರುತ್ತದೆ. ಕೆಂಪಿರಬೇಕಾದಲ್ಲಿ ಹಳದಿ ಬರುವುದೂ ಉಂಟು. 2018ರಲ್ಲಿ ಅಲಬಾಮಾದ ಅಲಬಾಸ್ಟರ್‌ನಲ್ಲಿ ಸುದ್ದಿಯಾದ ಹಳದಿ ಕಾರ್ಡಿನಲ್ ಅಂಥದ್ದು. ಹೂವಿನ ಪರಾಗ ಮೆತ್ತಿ ಹಣೆ ಹಳದಿಯಾದ ಹಕ್ಕಿಯನ್ನು ಹೊಸ ಜಾತಿಯೆಂದು ತಿಳಿಯುವುದು ಸುಲಭ, ಬಣ್ಣದ ಅಂಚು ಗರಿಯ ಸಾಲನ್ನು ಅನುಸರಿಸದೆ ಅಡ್ಡಾದಿಡ್ಡಿ ಇದ್ದರೆ ಅದು ಮೆತ್ತಿದ್ದು. ಗರಿ ಉದುರುವ ಕಾಲದಲ್ಲಿ ಮೈನಾ ತಲೆ ಬೋಳಾಗಿ ರಣಹದ್ದಿನ ಮರಿಯಂತೆ ಕಾಣುತ್ತದೆ. ಬಾಯಿಯ ಮೂಲೆಯಲ್ಲಿ ಹಳದಿ ಉಬ್ಬು, ಬಾಲದಡಿ ಸಡಿಲ ತುಪ್ಪಳ ಇದ್ದರೆ ಎಳೆಯ ಹಕ್ಕಿ, ದೊಡ್ಡ ಹಕ್ಕಿಗಳ ಚಿತ್ರಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ಚಿತ್ರವೂ ಮೋಸ ಮಾಡುತ್ತದೆ. ಹಸಿರೆಲೆಯ ಬೆಳಕಿನಲ್ಲಿ ಬಿಳಿ ಹೊಟ್ಟೆ ಹಸಿರು ಹಳದಿಯಾಗುತ್ತದೆ, ಬೂದು ಕಾರ್ಡೂ ಅದೇ ಛಾಯೆ ತೋರಿಸಿದರೆ ಬಣ್ಣ ಹಕ್ಕಿಯದಲ್ಲ. ಹಕ್ಕಿ 30 ಡಿಗ್ರಿ ಓರೆ ನಿಂತರೆ ಉದ್ದ ನೂರಕ್ಕೆ 13 ಕಡಿಮೆ ಬರುತ್ತದೆ. ಆದ್ದರಿಂದ ಅಳೆಯಲು ಸರಿಯಾಗಿ ಅಡ್ಡ ನಿಂತ ಚಿತ್ರಗಳನ್ನಷ್ಟೇ ಆರಿಸಿ, ಮಿಲಿಮೀಟರ್‌ಗಿಂತ ಅನುಪಾತವನ್ನು ಹೆಚ್ಚು ನಂಬಿ: ಕೊಕ್ಕು ತಲೆಯ ಎಷ್ಟು ಪಾಲು, ಬಾಲ ಮೈಯ ಎಷ್ಟು ಪಾಲು. ಮೊಬೈಲ್‌ನ ದೊಡ್ಡ ಜೂಮ್ ಇನ್ನೊಂದು ಅಪಾಯ, ಮಸುಕಾದ ಕಡೆ ತಂತ್ರಾಂಶ ತಾನೇ ಗರಿಗೆರೆ ಬಿಡಿಸುತ್ತದೆ.

ಸಿಲ್ವರ್‌ಬಿಲ್‌ಗೆ ಬರೋಣ. ಮೇಲಿನ ವಿಡಿಯೊದಲ್ಲಿ ಹಾರುವ ಫ್ರೇಮ್‌ಗಳನ್ನು ಒಂದೊಂದಾಗಿ ಸರಿಸಿ. ಸೊಂಟ ಕಪ್ಪು ಕಂಡರೆ ಮೊದಲ ಅನುಮಾನ ನೆರಳು. ಬಿಚ್ಚಿದ ರೆಕ್ಕೆಯ ನೆರಳು ಸೊಂಟದ ಮೇಲೇ ಬೀಳುತ್ತದೆ. ರೆಕ್ಕೆ ಕೆಳಕ್ಕೆ ಬಡಿದ ಫ್ರೇಮ್‌ನಲ್ಲೂ, ಮೇಲಕ್ಕೆತ್ತಿದ ಫ್ರೇಮ್‌ನಲ್ಲೂ ಕಪ್ಪೇ ಇದ್ದರೆ ಸರಿ. ಸೆಕೆಂಡಿಗೆ 50 ಫ್ರೇಮ್ ಬೇಕೆಂದದ್ದು ಇದಕ್ಕೆ. ಆಮೇಲೆ ಪಕ್ಕದ ಚಿತ್ರಗಳಲ್ಲಿ ಬೆನ್ನು ಹಿಗ್ಗಿಸಿ ನೋಡಿ, ಆಫ್ರಿಕನ್‌ಗೆ ಅಲ್ಲಿ ಬಹಳ ಸೂಕ್ಷ್ಮ ಅಡ್ಡಗೆರೆಗಳಿರುತ್ತವೆ. ಎರಡು ಬೇರೆ ಬೇರೆ ಲಕ್ಷಣ ಒಂದೇ ಕಡೆ ಕೈ ತೋರಿಸಬೇಕು. ಗುರುತು ಆದಮೇಲೆ ಎರಡನೇ ಪ್ರಶ್ನೆ, ಪಂಜರದಿಂದ ಬಂದದ್ದೇ? ಉಜ್ಜಿ ಸವೆದ ಬಾಲದ ತುದಿ, ಮುರಿದ ರೆಕ್ಕೆಗರಿ, ಅತಿ ಬೆಳೆದ ಉಗುರು, ಮನುಷ್ಯರ ಭಯವಿಲ್ಲದಿರುವುದು ಆ ಕಡೆ ವಾಲುತ್ತವೆ. ಇವು ಒಂದೂ ಇಲ್ಲದಿದ್ದರೂ ಕಾಡು ಹಕ್ಕಿಯೆಂದು ಸಾಬೀತಾಗುವುದಿಲ್ಲ.

ಕೆಲವಕ್ಕೆ ಉತ್ತರವೇ ಇಲ್ಲ. ಗಂಡು ಸ್ಪ್ಯಾನಿಷ್ ಗುಬ್ಬಿಯನ್ನು ಕಂದು ಕೆಂಪು ನೆತ್ತಿ, ಪಕ್ಕೆಯ ಕಪ್ಪು ಗೆರೆಗಳಿಂದ ಹೇಳಬಹುದು. ಹೆಣ್ಣನ್ನು ಗುಬ್ಬಚ್ಚಿ ಹೆಣ್ಣಿನಿಂದ ಬೇರ್ಪಡಿಸುವುದು ಬಹಳ ಕಷ್ಟ. ಹಕ್ಕಿ ನೋಡುಗರು ದಾಖಲೆ ಹಾಕುವ ಇಬರ್ಡ್ ಜಾಲತಾಣದಲ್ಲಿ ಎರಡು ಜಾತಿಗಳನ್ನು ಓರೆಗೆರೆ ಹಾಕಿ ಒಟ್ಟಿಗೆ ದಾಖಲಿಸುವ ಆಯ್ಕೆ ಇರುವುದು ಇಂಥದ್ದಕ್ಕೇ.

ಫೈಲು, ಸಲ್ಲಿಕೆ

ಮೂಲ ಫೈಲುಗಳನ್ನು ಮುಟ್ಟದೆ ಒಂದು ಫೋಲ್ಡರ್‌ನಲ್ಲಿ, ಕತ್ತರಿಸಿದ್ದು ಮತ್ತು ಬೆಳಕು ತಿದ್ದಿದ್ದು ಇನ್ನೊಂದರಲ್ಲಿ. ಹೆಸರು ವರ್ಷ-ತಿಂಗಳು-ದಿನ-ಗಂಟೆ-ನಿಮಿಷ-ಸೆಕೆಂಡ್ ಕ್ರಮದಲ್ಲಿದ್ದರೆ ತಾನಾಗಿ ಸಾಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗಿ, ಸಮಯದ ಮಾಹಿತಿ ಕಳೆದುಕೊಂಡಿರುತ್ತದೆ. ಯಾರಿಗಾದರೂ ತೋರಿಸಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ನಾಯ್ಸ್ ತೆಗೆಯುವ ಎಐ ತಂತ್ರಾಂಶ ಬಳಸಬೇಡಿ.

ಸಲ್ಲಿಕೆಗೆ ಐದಾರು ಚಿತ್ರ ಸಾಕು: ಪಕ್ಕದ ನೋಟ ಎರಡೂ ಬದಿಯದು, ಹಾರುವ ಎರಡು ಫ್ರೇಮ್, ಮಾಮೂಲಿ ಹಕ್ಕಿಯೊಂದು ಅದೇ ಕೋಲಿನಲ್ಲಿ ಕೂತದ್ದು, ಸ್ಕೇಲ್ ಹಿಡಿದ ಚಿತ್ರ. ಟಿಪ್ಪಣಿಯಲ್ಲಿ ಯಾವ ಜಾತಿ ಎಂಬುದರ ಜೊತೆಗೆ ಯಾವುದನ್ನು ಯಾಕೆ ತಳ್ಳಿಹಾಕಿದಿರಿ ಎಂದೂ ಬರೆಯಿರಿ. ಇಬರ್ಡ್ 2022ರಿಂದ ಹೊರಗಿನ ಜಾತಿಗಳನ್ನು ನೆಲೆಗೊಂಡವು, ತಾತ್ಕಾಲಿಕ, ತಪ್ಪಿಸಿಕೊಂಡವು ಎಂದು ಮೂರು ಬಗೆಯಾಗಿ ಗುರುತಿಸುತ್ತದೆ, ಆದ್ದರಿಂದ ಪಂಜರದ ಹಕ್ಕಿಯೆಂಬ ಅನುಮಾನವಿದ್ದರೂ ದಾಖಲಿಸುವುದರಲ್ಲಿ ನಷ್ಟವಿಲ್ಲ. ಎಲ್ಲ ಜೀವಿಗಳ ದಾಖಲೆ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ ದಾಖಲೆ ಸಂಶೋಧನಾ ದರ್ಜೆಗೆ ಹೋಗುತ್ತದೆ.

ಮನೆಯ ನಿಖರ ಜಾಗವನ್ನು ಬಹಿರಂಗ ಮಾಡುವ ಮೊದಲು ಯೋಚಿಸಿ. ನೋಡಲು ಬರುವವರು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬರಬಹುದು, ನೆರೆಯವರು ಒಪ್ಪಿದ್ದಾರೆಯೇ ಎಂಬುದು ತೀರ್ಮಾನವಾಗದೆ ಸುದ್ದಿ ಹೊರಬಿದ್ದರೆ ಮೊದಲು ಓಡುವುದು ಹಕ್ಕಿ.

ಜನ ಬಂದರೆ ಕಾಳು ಹೆಚ್ಚು ಸುರಿಯುವ ಚಾಳಿಯೂ ಬರುತ್ತದೆ. ಹಕ್ಕಿಗಳು ಗುಂಪುಗೂಡಿದಷ್ಟೂ ರೋಗ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದ ಗ್ರೀನ್‌ಫಿಂಚ್‌ಗಳನ್ನು ಬಲಿ ಪಡೆದ ಟ್ರೈಕೊಮೊನಾಸ್ ಸೋಂಕು, 2021ರಲ್ಲಿ ಉತ್ತರ ಅಮೆರಿಕದ ಪೈನ್ ಸಿಸ್ಕಿನ್‌ಗಳಲ್ಲಿ ಹಬ್ಬಿದ ಸಾಲ್ಮೊನೆಲ್ಲಾ ಎರಡರಲ್ಲೂ ಫೀಡರ್‌ಗಳ ಪಾತ್ರವಿತ್ತು. ಎರಡು ವಾರಕ್ಕೊಮ್ಮೆ ಬಟ್ಟಲು, ಜಾಲರಿ, ಕೋಲು ಬಿಚ್ಚಿ, ಕೈಗವಸು ಹಾಕಿ ತೊಳೆದು, 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ 10 ನಿಮಿಷ ಅದ್ದಿಡಿ. ಚೆನ್ನಾಗಿ ಜಾಲಿಸಿ ಪೂರ್ತಿ ಒಣಗಿದ ಮೇಲೆ ಕಾಳು ಹಾಕಿ. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಒಂದು ಕಂಡರೂ ಫೀಡರ್ ಇಳಿಸಿ, ಅಪರೂಪದ ಅತಿಥಿ ಆಗಷ್ಟೇ ಬಂದಿದ್ದರೂ ಸರಿ. ಮತ್ತೆ ಕೂರಿಸಿದಾಗ ಸ್ಕೇಲ್ ಹಿಡಿದು ಇನ್ನೊಂದು ಚಿತ್ರ ತೆಗೆಯಬೇಕು. ಬಿಚ್ಚಿ ಜೋಡಿಸಿದ ಕೋಲು ಮೊದಲಿನ ಜಾಗದಲ್ಲೇ ಇದೆಯೆಂದು ಹೇಳಲಾಗದು.